ಗಣಿತಜ್ಞ ಮಹಾವೀರಾಚಾರ್ಯ

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡ ಎಂಬ ಊರಿದೆ. ಹಳೆಯ ಕೋಟೆಯ ಗೋಡೆಗಳು, ಒಂದು ಪ್ರಾಚೀನ ಬಸದಿ, ಸುತ್ತಲೂ ಹೊಲಗಳು. ಮೊದಲ ನೋಟಕ್ಕೆ ಇದೊಂದು ಸಾಮಾನ್ಯ ಗ್ರಾಮ. ಆದರೆ ಸುಮಾರು ಸಾವಿರದ ಇನ್ನೂರು ವರ್ಷಗಳ ಹಿಂದೆ ಇದೇ ಊರು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿ ಮೆರೆಯಿತು. ಕ್ರಿ.ಶ. 814ರಿಂದ ಸುಮಾರು 878ರವರೆಗೆ ಅಮೋಘವರ್ಷ ನೃಪತುಂಗನು ಇಲ್ಲಿಂದ ರಾಜ್ಯವಾಳಿದನು. ಆ ಕಾಲದಲ್ಲಿ ರಚಿತವಾದ 'ಕವಿರಾಜಮಾರ್ಗ'ವು ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡ ನಾಡೆಂದು ಕರೆದಿದೆ. ತುಂಗಭದ್ರೆಯ ತೀರದ ಹಂಪೆ, ಕಂಪ್ಲಿಗಳೂ ಸಂಡೂರಿನ ಬೆಟ್ಟಗಳ ಆಚೆಯ ಚೋರನೂರೂ ಈ ಎರಡು ನದಿಗಳ ನಡುವಣ ಸೀಮೆಗೇ ಸೇರಿದವು.

ನೃಪತುಂಗನ ಹೆಸರು ಕೇಳಿದೊಡನೆ ಕವಿಗಳ ನೆನಪಾಗುವುದು ಸಹಜ. 'ಕವಿರಾಜಮಾರ್ಗ'ದ ಶ್ರೀವಿಜಯನೂ ಅರಸನಿಗೆ ಗುರುವೆನಿಸಿದ ಜಿನಸೇನಾಚಾರ್ಯನೂ ಆ ಕಾಲದವರು. ಅದೇ ಕಾಲದಲ್ಲಿ ಬಾಳಿದ ಇನ್ನೊಬ್ಬ ವಿದ್ವಾಂಸನು ಪದಗಳ ಬದಲಾಗಿ ಅಂಕಿಗಳನ್ನು ಪೋಣಿಸಿ ಹಾರ ಮಾಡಿದನು. ಆತನೇ ಮಹಾವೀರಾಚಾರ್ಯ.

ಮಹಾವೀರಾಚಾರ್ಯನು ಜೈನ ವಿದ್ವಾಂಸ. ತನ್ನ ತಂದೆತಾಯಿಗಳ ಹೆಸರನ್ನಾಗಲಿ, ಹುಟ್ಟಿದ ಊರನ್ನಾಗಲಿ, ವರ್ಷವನ್ನಾಗಲಿ ಆತನು ತನ್ನ ಗ್ರಂಥದಲ್ಲಿ ಬರೆಯಲಿಲ್ಲ. ತನ್ನ ವಿಷಯದಲ್ಲಿ ಹೀಗೆ ಮೌನಿಯಾದವನು ತನ್ನ ಅರಸನ ವಿಷಯದಲ್ಲಿ ಮಾತ್ರ ಮೌನ ವಹಿಸಲಿಲ್ಲ. ಗ್ರಂಥದ ಆರಂಭದಲ್ಲಿ ಜಿನೇಂದ್ರನಿಗೆ ನಮಸ್ಕರಿಸಿದ ಬಳಿಕ ನೃಪತುಂಗನನ್ನು ಹಲವು ಶ್ಲೋಕಗಳಲ್ಲಿ ಕೊಂಡಾಡಿ, ಆತನ ರಾಜ್ಯವು ಅಭಿವೃದ್ಧಿ ಹೊಂದಲೆಂದು ಹಾರೈಸಿದ್ದಾನೆ. ಸಿಂಹಾಸನದ ಮೇಲಿರುವ ಅರಸನಿಗಲ್ಲದೆ ಇಂತಹ ಹಾರೈಕೆ ಸಲ್ಲುವುದಿಲ್ಲ. ಈ ಶ್ಲೋಕಗಳ ಆಧಾರದಿಂದಲೇ ವಿದ್ವಾಂಸರು ಮಹಾವೀರಾಚಾರ್ಯನ ಕಾಲವನ್ನು ಕ್ರಿ.ಶ. 850ರ ಸುಮಾರು ಎಂದು ನಿರ್ಣಯಿಸಿದ್ದಾರೆ. ಅರಸನನ್ನು ಹೊಗಳಿದ ನಾಲ್ಕು ಮಾತುಗಳು ಹೊಗಳಿದವನ ಕಾಲವನ್ನೇ ಉಳಿಸಿಕೊಟ್ಟವು.

ಆತನ ಗ್ರಂಥದ ಹೆಸರು 'ಗಣಿತಸಾರಸಂಗ್ರಹ'. ಭಾಷೆ ಸಂಸ್ಕೃತ, ಒಂಬತ್ತು ಅಧ್ಯಾಯಗಳು, ಸಾವಿರದ ನೂರಕ್ಕೂ ಹೆಚ್ಚು ಶ್ಲೋಕಗಳು. ಆತನಿಗಿಂತ ಹಿಂದಿನವರಾದ ಆರ್ಯಭಟ, ಬ್ರಹ್ಮಗುಪ್ತರು ಮಹಾಮೇಧಾವಿಗಳು. ಆದರೆ ಅವರ ಕೃತಿಗಳಲ್ಲಿ ಗಣಿತವು ಖಗೋಳಶಾಸ್ತ್ರಕ್ಕೆ ಒದಗುವ ಒಂದೆರಡು ಅಧ್ಯಾಯಗಳಾಗಿ ಬರುತ್ತದೆ. ಗ್ರಹಗಳ ಗತಿಯನ್ನೂ ಗ್ರಹಣಗಳನ್ನೂ ಲೆಕ್ಕ ಹಾಕಲು ಬೇಕಾದ ಸಲಕರಣೆಯಾಗಿ ಅದಕ್ಕೆ ಅಲ್ಲಿ ಸ್ಥಾನ. ಮಹಾವೀರಾಚಾರ್ಯನು ಖಗೋಳವನ್ನು ಬದಿಗಿರಿಸಿ ಆದಿಯಿಂದ ಅಂತ್ಯದವರೆಗೆ ಗಣಿತವೊಂದನ್ನೇ ಹೇಳಿದನು. ಗಣಿತವು ಎಲ್ಲೆಲ್ಲಿ ಬೇಕಾಗುವುದೆಂಬುದನ್ನು ಗ್ರಂಥದ ಮೊದಲಲ್ಲಿ ಆತನು ಎಣಿಸುತ್ತಾ ಹೋಗುವ ಪರಿ ಸೊಗಸಾಗಿದೆ. ಲೌಕಿಕ ವ್ಯವಹಾರ, ಧಾರ್ಮಿಕ ಕಾರ್ಯ, ಅರ್ಥಶಾಸ್ತ್ರ, ಸಂಗೀತ, ನಾಟಕ, ಅಡಿಗೆ, ವೈದ್ಯ, ಮನೆ ಕಟ್ಟುವ ವಿದ್ಯೆ, ಛಂದಸ್ಸು, ವ್ಯಾಕರಣ ಮೊದಲಾದವುಗಳಲ್ಲಿ ಗಣಿತವಿಲ್ಲದೆ ಒಂದು ಹೆಜ್ಜೆಯನ್ನೂ ಇಡಲಾಗದೆಂದು ಆತನ ಅಭಿಪ್ರಾಯ. ಅಡಿಗೆಯ ಮನೆಯನ್ನು ಮರೆಯದ ಗಣಿತಜ್ಞನು ಅಪರೂಪ! ತಾನು ಹೇಳುತ್ತಿರುವುದೆಲ್ಲ ಹಿಂದಿನ ಜ್ಞಾನಿಗಳ ಕಡಲಿನಿಂದ ಎತ್ತಿದ ಸಾರವೆಂದೂ ಆತನು ವಿನಯದಿಂದ ಒಪ್ಪಿಕೊಂಡಿದ್ದಾನೆ.

ಲೆಕ್ಕಗಳನ್ನು ಒಡ್ಡುವುದರಲ್ಲಿ ಆತನದು ಕವಿಯ ಮನಸ್ಸು. ಆನೆಗಳ ಹಿಂಡು, ನವಿಲುಗಳು, ದುಂಬಿಗಳು, ತಾವರೆಗಳು ಆತನ ಶ್ಲೋಕಗಳಲ್ಲಿ ಸುಳಿಯುತ್ತವೆ. ಮಾವಿನ ಹಣ್ಣಿನ ಲೆಕ್ಕವೊಂದು ಬಹು ಪ್ರಸಿದ್ಧವಾಗಿದೆ. ಒಂದು ರಾಶಿ ಹಣ್ಣುಗಳಲ್ಲಿ ಅರಸನು ಆರನೆಯ ಒಂದು ಭಾಗವನ್ನು ತೆಗೆದುಕೊಂಡನು; ಉಳಿದುದರಲ್ಲಿ ರಾಣಿಯು ಐದನೆಯ ಒಂದು ಭಾಗವನ್ನೂ, ಮೂವರು ರಾಜಕುಮಾರರು ಒಬ್ಬರಾದ ಮೇಲೊಬ್ಬರಂತೆ ಉಳಿದುದರ ನಾಲ್ಕನೆಯ ಒಂದು, ಮೂರನೆಯ ಒಂದು ಮತ್ತು ಅರ್ಧ ಭಾಗಗಳನ್ನೂ ತೆಗೆದುಕೊಂಡರು. ಎಲ್ಲರಿಗಿಂತ ಕಿರಿಯ ಮಗುವಿಗೆ ಕೊನೆಗೆ ಮೂರು ಹಣ್ಣು ಉಳಿದವು. ಹಾಗಾದರೆ ಮೊದಲಿದ್ದ ಹಣ್ಣುಗಳೆಷ್ಟು? ಹದಿನೆಂಟು. ಲೆಕ್ಕ ಬಿಡಿಸುವವರೆಗೂ ದೊಡ್ಡವರೆಲ್ಲ ತಮ್ಮ ಪಾಲನ್ನು ಹೆಚ್ಚಾಗಿ ಎತ್ತಿಕೊಂಡು ಮಗುವಿಗೆ ಕಡಿಮೆ ಬಿಟ್ಟರೆಂದೇ ತೋರುತ್ತದೆ. ಬಿಡಿಸಿ ನೋಡಿದರೆ ಅರಸನಿಗೆ ಮೂರು, ರಾಣಿಗೆ ಮೂರು, ಕುಮಾರರಿಗೆ ತಲಾ ಮೂರು, ಮಗುವಿಗೂ ಮೂರು! ಭಿನ್ನರಾಶಿಗಳ ಹೆಸರು ಬೇರೆಬೇರೆಯಾದರೂ ಪಾಲು ಮಾತ್ರ ಸಮ.

ಆ ಕಾಲದ ವಿದ್ಯಾರ್ಥಿಗಳಿಗೆ ಕಾಗದವಿರಲಿಲ್ಲ. ಧೂಳು ಹರಡಿದ ಹಲಗೆಯ ಮೇಲೆ ಬೆರಳಿನಿಂದಲೋ ಕಡ್ಡಿಯಿಂದಲೋ ಅಂಕಿಗಳನ್ನು ಬರೆದು ಲೆಕ್ಕ ಮಾಡುತ್ತಿದ್ದರು. ಗುಣಾಕಾರಕ್ಕೆ ಮಹಾವೀರಾಚಾರ್ಯನು ಹೇಳುವ ಒಂದು ಕ್ರಮಕ್ಕೆ ಕವಾಟಸಂಧಿ ಎಂದು ಹೆಸರು. ಬಾಗಿಲಿನ ಕದಗಳು ಕೂಡುವಂತೆ ಗುಣ್ಯವನ್ನೂ ಗುಣಕವನ್ನೂ ಒಂದರ ಮೇಲೊಂದು ಇಟ್ಟು, ಗುಣಿಸಿದಂತೆಲ್ಲ ಒಂದನ್ನು ಒಂದೊಂದು ಸ್ಥಾನ ಸರಿಸುತ್ತಾ ಹೋಗಬೇಕು. ಸರಿಸಿದಂತೆ ಹಳೆಯ ಅಂಕಿಗಳನ್ನು ಅಳಿಸಿ ಹೊಸದನ್ನು ಬರೆಯಬೇಕು. ಕೊನೆಗೆ ಹಲಗೆಯ ಮೇಲೆ ಉಳಿಯುವುದು ಉತ್ತರವೊಂದೇ. ನಡುವೆ ಎಲ್ಲಿಯಾದರೂ ತಪ್ಪಿದ್ದರೆ ಹಿಂದಿರುಗಿ ಹುಡುಕಲು ಅಲ್ಲಿ ಏನೂ ಉಳಿದಿರುವುದಿಲ್ಲ. ಇಂದಿನ ವಿದ್ಯಾರ್ಥಿಯ ನೋಟುಪುಸ್ತಕದಲ್ಲಿ ಸಾಲುಸಾಲಾಗಿ ಉಳಿದಿರುವ ಹೆಜ್ಜೆಗುರುತುಗಳು ಅಂದಿನವನಿಗೆ ಇರಲಿಲ್ಲ.

ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡು ನೋಡಿದರೆ 'ಗಣಿತಸಾರಸಂಗ್ರಹ'ದ ಗುಣಾಕಾರದ ಲೆಕ್ಕಗಳ ಸೊಗಸು ಇಮ್ಮಡಿಯಾಗುತ್ತದೆ. ಕೂಡುವುದನ್ನೂ ಕಳೆಯುವುದನ್ನೂ ಓದುಗನು ಆಗಲೇ ಬಲ್ಲನೆಂದು ಭಾವಿಸಿ ಗ್ರಂಥಕಾರನು ಗುಣಾಕಾರದಿಂದಲೇ ಪರಿಕರ್ಮಗಳನ್ನು ಆರಂಭಿಸುತ್ತಾನೆ. ಅಲ್ಲಿ ಆತನು ಕೊಡುವ ಕೆಲವು ಉದಾಹರಣೆಗಳ ಉತ್ತರಗಳು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುತ್ತವೆ. ಇಂತಹ ಸಂಖ್ಯೆಗಳನ್ನು ಆತನು ಕೊರಳ ಹಾರಕ್ಕೆ, ಅರಸರಿಗೆ ಒಪ್ಪುವ ಕಂಠಾಭರಣಕ್ಕೆ ಹೋಲಿಸುತ್ತಾನೆ. 139ನ್ನು 109ರಿಂದ ಗುಣಿಸಿದರೆ 15151 ದೊರೆಯುತ್ತದೆ. ಇದು ಚಿಕ್ಕ ಹಾರ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು ಸಾಲಾಗಿ ನಿಲ್ಲುತ್ತವೆ. 142857143ನ್ನು 7ರಿಂದ ಗುಣಿಸಿದರೆ 1000000001 ಬರುತ್ತದೆ. ಎರಡು ತುದಿಗಳಲ್ಲಿ ಎರಡು ರತ್ನಗಳು, ನಡುವೆ ಎಂಟು ಸೊನ್ನೆಗಳ ಮುತ್ತಿನ ಸರ. 333333666667ನ್ನು 33ರಿಂದ ಗುಣಿಸಿದರೆ 11000011000011. ಇಲ್ಲಿ ರತ್ನಗಳು ಜೋಡಿಜೋಡಿಯಾಗಿವೆ. 12345679ನ್ನು 9ರಿಂದ ಗುಣಿಸಿದಾಗ ಒಂಬತ್ತು ಒಂದುಗಳು ಬರುವುದಂತೂ ಮಕ್ಕಳಾಟದಂತೆ ರಂಜಿಸುತ್ತದೆ. ಗುಣ್ಯದಲ್ಲಿ ಎಂಟು ಎಂಬ ಅಂಕಿ ಇಲ್ಲದಿರುವುದನ್ನು ಗಮನಿಸಬೇಕು. ಅದನ್ನು ಸೇರಿಸಿದರೆ ಹಾರ ಹರಿದುಹೋಗುತ್ತದೆ.

ಈ ಹಾರಗಳಲ್ಲೆಲ್ಲ ಬಹು ಚೆಲುವಾದುದು 12345654321 ಎಂಬ ಸಂಖ್ಯೆ. ಒಂದರಿಂದ ತೊಡಗಿ ಆರರವರೆಗೆ ಏರಿ ಮತ್ತೆ ಕ್ರಮವಾಗಿ ಇಳಿಯುವ ಸಂಖ್ಯೆಯೆಂದು ಆತನು ಇದನ್ನು ವರ್ಣಿಸುತ್ತಾನೆ. 27994681ನ್ನು 441ರಿಂದ ಗುಣಿಸಿದರೆ ಇದು ದೊರೆಯುತ್ತದೆ. ಗುಣ್ಯವನ್ನು ನೋಡಿದರೆ ಅದರಲ್ಲಿ ಯಾವ ಕ್ರಮವೂ ಕಾಣುವುದಿಲ್ಲ. ಕೈಗೆ ಸಿಕ್ಕಿದ ಅಂಕಿಗಳನ್ನು ಎರಚಿದಂತಿದೆ. ಗುಣಕವೂ ಅಷ್ಟೆ. ಇವೆರಡೂ ಕೂಡಿದಾಗ ಅಂಕಿಗಳು ಮೆಟ್ಟಿಲುಗಳಂತೆ ಒಂದೊಂದಾಗಿ ಏರಿ, ಶಿಖರವನ್ನು ಮುಟ್ಟಿ, ಒಂದೊಂದಾಗಿ ಇಳಿಯುತ್ತವೆ. ಇಂದಿನ ರೀತಿಯಲ್ಲಿ ಓದಿದರೆ ಇದು ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು.

ಇದರ ಗುಟ್ಟೇನು? ಆರು ಒಂದುಗಳನ್ನು ಸಾಲಾಗಿ ಬರೆದರೆ 111111 ಆಗುತ್ತದೆ. ಇದನ್ನು ಇದರಿಂದಲೇ ಗುಣಿಸಲು ಹೊರಟರೆ ಆರು ಸಾಲುಗಳು ಬರುತ್ತವೆ. ಪ್ರತಿಯೊಂದು ಸಾಲಿನಲ್ಲೂ ಆರು ಒಂದುಗಳೇ, ಆದರೆ ಪ್ರತಿ ಸಾಲೂ ಒಂದೊಂದು ಸ್ಥಾನ ಎಡಕ್ಕೆ ಜರುಗಿರುತ್ತದೆ. ಕಂಬಸಾಲುಗಳನ್ನು ಕೂಡಿದಾಗ ಬಲತುದಿಯಲ್ಲಿ ಒಂದೇ ಒಂದು, ಅದರ ಎಡಕ್ಕೆ ಎರಡು, ಆಮೇಲೆ ಮೂರು, ಹೀಗೆ ನಟ್ಟನಡುವೆ ಆರು ಒಂದುಗಳು ಒಟ್ಟುಗೂಡುತ್ತವೆ. ಅಲ್ಲಿಂದ ಮುಂದೆ ಮತ್ತೆ ಕಡಿಮೆಯಾಗುತ್ತಾ ಹೋಗುತ್ತವೆ. ಆದುದರಿಂದ 12345654321 ಎಂಬುದು 111111ರ ವರ್ಗ. ಅದರ ಅಂಕಿಗಳನ್ನು ಕೂಡಿದರೆ 36; ಅದೂ ಆರರ ವರ್ಗವೇ.

ಆದರೆ ಮಹಾವೀರಾಚಾರ್ಯನು ಇಷ್ಟು ಸುಲಭವಾಗಿ ಗುಟ್ಟನ್ನು ಬಿಟ್ಟುಕೊಡುವವನಲ್ಲ. 111111 ಎಂಬ ಸಂಖ್ಯೆಯು 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಇವುಗಳಲ್ಲಿ 3 ಮತ್ತು 7ನ್ನು ಒಂದು ಕಡೆಗೆ ತೆಗೆದರೆ 21. ಅದರ ವರ್ಗವೇ 441. ಉಳಿದ 11, 13, 37ನ್ನು ಗುಣಿಸಿದರೆ 5291. ಅದರ ವರ್ಗವೇ 27994681. ಹೀಗೆ ಸುಂದರವಾದ ಒಂದು ಸಂಖ್ಯೆಯನ್ನು ಮೊದಲು ಎದುರಿಗಿಟ್ಟುಕೊಂಡು, ಅದನ್ನು ಗುರುತು ಸಿಗದ ಎರಡು ತುಂಡುಗಳನ್ನಾಗಿ ಒಡೆದು, ತುಂಡುಗಳನ್ನು ಮಾತ್ರ ಶಿಷ್ಯನ ಕೈಗೆ ಕೊಟ್ಟಿದ್ದಾನೆ. ಹಾರವನ್ನು ಮತ್ತೆ ಪೋಣಿಸುವ ಕೆಲಸ ಶಿಷ್ಯನದು.

ಇದು ಬರಿಯ ವಿನೋದವಲ್ಲ. ಧೂಳಿನ ಹಲಗೆಯ ಮೇಲೆ ಲೆಕ್ಕ ಮಾಡುವ ಬಾಲಕನು ನಡುವೆ ಒಂದು ಅಂಕಿಯನ್ನು ತಪ್ಪಿದರೂ ಕೊನೆಗೆ ಬರುವ ಉತ್ತರದಲ್ಲಿ ಮೆಟ್ಟಿಲೊಂದು ಮುರಿದು ಕಾಣುತ್ತದೆ. ಸರಿಯಾಗಿ ಮಾಡಿದ್ದರೆ ಹಾರ ತಾನಾಗಿಯೇ ಹೊಳೆಯುತ್ತದೆ. ಗುರುವಿನ ಬಳಿಗೆ ಹೋಗಿ ಕೇಳಬೇಕಾದ ಅಗತ್ಯವೇ ಇಲ್ಲ. ಉತ್ತರವೇ ತನ್ನ ಸತ್ಯಕ್ಕೆ ಸಾಕ್ಷಿ ಹೇಳುತ್ತದೆ. ಇನ್ನೊಂದು ಅನುಕೂಲವೂ ಇದೆ. ಶ್ಲೋಕದಲ್ಲಿ ಅಂಕಿಗಳನ್ನು ಬರೆಯುವಂತಿಲ್ಲವಾದುದರಿಂದ ಅಂದಿನವರು ಪದಗಳಿಂದ ಸಂಖ್ಯೆಗಳನ್ನು ಸೂಚಿಸುತ್ತಿದ್ದರು. ಚಂದ್ರನೆಂದರೆ ಒಂದು, ಕಣ್ಣೆಂದರೆ ಎರಡು, ಋತುವೆಂದರೆ ಆರು. ಮಹಾವೀರಾಚಾರ್ಯನು ಈ ಪಟ್ಟಿಗೆ ಜೈನ ದರ್ಶನದ ಮಾತುಗಳನ್ನೂ ಸೇರಿಸಿಕೊಂಡನು: ರತ್ನವೆಂದರೆ ಮೂರು, ತತ್ತ್ವವೆಂದರೆ ಏಳು, ಕರ್ಮವೆಂದರೆ ಎಂಟು. ಹೀಗೆ ಹೇಳಿದ ಪದಗಳನ್ನು ಬಿಡಿಸ್ಥಾನದಿಂದ ಎಡಕ್ಕೆ ಬರೆದುಕೊಳ್ಳುವುದು ವಾಡಿಕೆ. ಹೊಸಬನು ಇಲ್ಲಿ ದಿಕ್ಕು ತಪ್ಪುವುದುಂಟು. ಹಾರದಂತಹ ಸಂಖ್ಯೆಗೆ ಆ ಭಯವಿಲ್ಲ. ಯಾವ ತುದಿಯಿಂದ ಬರೆದರೂ ಅದು ಅದೇ.

ಆತನು ಆರರಲ್ಲಿಯೇ ನಿಲ್ಲಿಸಿದ ಮೆಟ್ಟಿಲನ್ನು ಮುಂದುವರಿಸಿ ನೋಡಬಹುದು. ಒಂಬತ್ತು ಒಂದುಗಳ ವರ್ಗವು 12345678987654321 ಆಗುತ್ತದೆ. ಹತ್ತು ಒಂದುಗಳನ್ನು ತೆಗೆದುಕೊಂಡರೆ ನಡುವಣ ಕಂಬಸಾಲಿನಲ್ಲಿ ಹತ್ತು ಒಟ್ಟುಗೂಡಿ ಒಂದು ದಶಕ ಎಡಕ್ಕೆ ಹೋಗಲೇಬೇಕು. ಆಗ ಬರುವುದು 1234567900987654321. ಹಾರದ ನಡುವಣ ಮಣಿಗಳು ಕೆಡುತ್ತವೆ. ಹತ್ತರ ಆಧಾರದ ಮೇಲೆ ನಿಂತ ಸ್ಥಾನಮಾನ ಪದ್ಧತಿಯ ಮಿತಿಯೇ ಈ ಮೆಟ್ಟಿಲಿನ ಮಿತಿ.

ದೊಡ್ಡ ಸಂಖ್ಯೆಗಳ ಒಲವು ಮಹಾವೀರಾಚಾರ್ಯನಿಗೆ ತನ್ನ ಮತದ ಪರಂಪರೆಯಿಂದಲೂ ಬಂದಿತ್ತು. ಲೋಕದ ವಿಸ್ತಾರವನ್ನೂ ಕಾಲದ ದೀರ್ಘತೆಯನ್ನೂ ಅಳೆಯಹೊರಟ ಜೈನ ಆಚಾರ್ಯರು ಸಂಖ್ಯೆಗಳನ್ನು ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ವಿಂಗಡಿಸಿದ್ದರು. ಲೆಕ್ಕಕ್ಕೆ ಸಿಗುವಷ್ಟನ್ನಾದರೂ ಹೆಸರಿಟ್ಟು ಕರೆಯಬೇಕಲ್ಲವೆ? ಇಂದು ಸಾಮಾನ್ಯವಾಗಿ ಕೋಟಿಗೆ ಬಂದು ಎಣಿಕೆಯ ಹೆಸರುಗಳು ನಿಲ್ಲುತ್ತವೆ. 'ಗಣಿತಸಾರಸಂಗ್ರಹ'ದ ಪಟ್ಟಿಯಲ್ಲಿ ಇಪ್ಪತ್ತನಾಲ್ಕು ಸ್ಥಾನಗಳಿವೆ. ಏಕ, ದಶ, ಶತ, ಸಹಸ್ರದಿಂದ ಹೊರಟು ಕೋಟಿ, ದಶಕೋಟಿ, ಶತಕೋಟಿಗಳನ್ನು ದಾಟಿ ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ ಎಂದು ಏರುತ್ತಾ ಮಹಾಕ್ಷೋಭಕ್ಕೆ ಪಟ್ಟಿ ಮುಗಿಯುತ್ತದೆ. ಮಹಾಕ್ಷೋಭವೆಂದರೆ ಒಂದರ ಮುಂದೆ ಇಪ್ಪತ್ತಮೂರು ಸೊನ್ನೆಗಳು. ಹನ್ನೊಂದು ಅಂಕಿಗಳ 12345654321 ಈ ಏಣಿಯಲ್ಲಿ ಅರ್ಬುದದವರೆಗೆ ಮಾತ್ರ ಏರುತ್ತದೆ. ಅದರ ಮೇಲೆ ಇನ್ನೂ ಹದಿಮೂರು ಮೆಟ್ಟಿಲುಗಳಿವೆ.

ಹಾರದ ಉಪಮಾನವು ಆತನಿಗೆ ಎಷ್ಟು ಪ್ರಿಯವೆಂದರೆ ಗ್ರಂಥದ ಮತ್ತೊಂದೆಡೆಯಲ್ಲಿ ನಿಜವಾದ ಹಾರವೇ ಲೆಕ್ಕವಾಗಿ ಬರುತ್ತದೆ. ವಜ್ರ, ನೀಲ, ಮರಕತ, ಹವಳ, ಮುತ್ತು ಎಂಬ ಐದು ಬಗೆಯ ರತ್ನಗಳಿವೆ. ಇವುಗಳಲ್ಲಿ ಒಂದನ್ನೋ ಎರಡನ್ನೋ ಅಥವಾ ಎಲ್ಲವನ್ನೋ ಆರಿಸಿ ಒಂದೆಳೆಯ ಹಾರ ಮಾಡಬೇಕು. ಎಷ್ಟು ಬಗೆಯ ಹಾರಗಳು ಸಾಧ್ಯ? ಒಂದೊಂದೇ ರತ್ನದಿಂದ ಐದು, ಎರಡೆರಡರಿಂದ ಹತ್ತು, ಮೂರುಮೂರರಿಂದ ಹತ್ತು, ನಾಲ್ಕುನಾಲ್ಕರಿಂದ ಐದು, ಐದೂ ಸೇರಿ ಒಂದು, ಒಟ್ಟು ಮೂವತ್ತೊಂದು. ಇದೇ ರೀತಿ ಆರು ರುಚಿಗಳನ್ನು ಬೆರೆಸುವ ಲೆಕ್ಕವೂ ಇದೆ. ಅಲ್ಲಿ ಅರುವತ್ತಮೂರು ಬಗೆಗಳು. ಇವಕ್ಕೆಲ್ಲ ಅನ್ವಯಿಸುವ ಸಾಮಾನ್ಯ ಸೂತ್ರವನ್ನು ಆತನು ಹೇಳಿದ್ದಾನೆ. ಮೇಲಿನ ತರಗತಿಗಳಲ್ಲಿ ವಿಕಲ್ಪಗಳೆಂಬ ಹೆಸರಿನಿಂದ ಕಲಿಯುವುದು ಇದೇ ಸೂತ್ರವನ್ನು.

ಭಿನ್ನರಾಶಿಗಳ ಅಧ್ಯಾಯದಲ್ಲಿ ಛೇದಗಳನ್ನು ಸಮ ಮಾಡಲು ಆತನು ನಿರುದ್ಧ ಎಂಬುದನ್ನು ಕಂಡುಹಿಡಿಯುವ ಕ್ರಮವನ್ನು ಹೇಳಿದನು. ಶಾಲೆಗಳಲ್ಲಿ ಲ.ಸಾ.ಅ. ಎಂದು ಕಲಿಸುವುದು ಅದನ್ನೇ. ಅಂಶವು ಒಂದೇ ಆಗಿರುವ ಭಿನ್ನರಾಶಿಗಳನ್ನು ಕೂಡಿ ಪೂರ್ಣ ಒಂದನ್ನು ಪಡೆಯುವ ಉಪಾಯವೂ ಅಲ್ಲಿದೆ. ಎರಡನೆಯ ಒಂದು, ಮೂರನೆಯ ಒಂದು, ಒಂಬತ್ತನೆಯ ಒಂದು, ಹದಿನೆಂಟನೆಯ ಒಂದು ಇವನ್ನು ಕೂಡಿದರೆ ಸರಿಯಾಗಿ ಒಂದಾಗುವುದನ್ನು ಪರೀಕ್ಷಿಸಿ ನೋಡಬಹುದು. ಬಡ್ಡಿ, ಇಟ್ಟಿಗೆಗಳ ಎಣಿಕೆ, ಮರ ಕೊಯ್ಯುವ ಕೂಲಿ, ನೆರಳಿನಿಂದ ಎತ್ತರ ಅಳೆಯುವುದು ಮೊದಲಾದ ವ್ಯವಹಾರದ ಲೆಕ್ಕಗಳು ಮುಂದಿನ ಅಧ್ಯಾಯಗಳಲ್ಲಿ ಧಾರಾಳವಾಗಿವೆ.

ಋಣರಾಶಿಯ ವರ್ಗಮೂಲದ ವಿಷಯದಲ್ಲಿ ಆತನ ವಿವೇಕ ಮೆಚ್ಚತಕ್ಕದ್ದು. ಧನರಾಶಿಯ ವರ್ಗವೂ ಧನ, ಋಣರಾಶಿಯ ವರ್ಗವೂ ಧನ. ಆದುದರಿಂದ ಋಣರಾಶಿಯು ಸ್ವಭಾವತಃ ಯಾವುದರ ವರ್ಗವೂ ಅಲ್ಲ, ಅದಕ್ಕೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ನಿರ್ಣಯಿಸಿದನು. ಇಂತಹ ಮೂಲಗಳಿಗೆ ಬೇರೊಂದು ಬಗೆಯ ಸಂಖ್ಯೆಯನ್ನೇ ಕಲ್ಪಿಸಿ ಗಣಿತಜ್ಞರು ಲೆಕ್ಕ ಮಾಡತೊಡಗಿದ್ದು ಹದಿನಾರನೆಯ ಶತಮಾನದಲ್ಲಿ, ಇಟಲಿಯಲ್ಲಿ.

ಆದರೆ ಇಂತಹವನೂ ಒಂದೆಡೆ ಎಡವಿದನು. ಸಂಖ್ಯೆಯೊಂದನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೆಯೇ ಉಳಿಯುವುದೆಂದು ಬರೆದನು. ಯಾರಿಗೂ ಹಂಚದಿದ್ದರೆ ರಾಶಿ ಇದ್ದಷ್ಟೇ ಇರುವುದಷ್ಟೆ ಎಂಬ ಲೋಕವ್ಯವಹಾರದ ಭಾವನೆ ಇದರ ಹಿಂದಿರಬಹುದು. ಆದರೆ ಭಾಗಾಕಾರವು ಗುಣಾಕಾರದ ವಿಲೋಮ. ಐದನ್ನು ಸೊನ್ನೆಯಿಂದ ಭಾಗಿಸಿದಾಗ ಐದೇ ಬರುವುದಾದರೆ ಐದನ್ನು ಸೊನ್ನೆಯಿಂದ ಗುಣಿಸಿದಾಗಲೂ ಐದು ಬರಬೇಕಾಗುತ್ತದೆ, ಬರುವುದು ಸೊನ್ನೆ. ಮುಂದೆ 1150ರ ಸುಮಾರಿನಲ್ಲಿ ಭಾಸ್ಕರಾಚಾರ್ಯನು ಸೊನ್ನೆಯಿಂದ ಭಾಗಿಸಿದ ರಾಶಿಗೆ ಖಹರವೆಂದು ಹೆಸರಿಟ್ಟು ಅದನ್ನು ಅನಂತವೆಂದು ಬಗೆದನು. ಇಂದಿನ ಗಣಿತವು ಅಂತಹ ಭಾಗಾಕಾರಕ್ಕೆ ಅರ್ಥವೇ ಇಲ್ಲವೆಂದು ಅದನ್ನು ನಿಷೇಧಿಸಿದೆ. ಎಂಟು ಸೊನ್ನೆಗಳನ್ನು ಮುತ್ತಿನಂತೆ ಪೋಣಿಸಿದ ಕೈಗೆ ಒಂಟಿ ಸೊನ್ನೆಯೊಂದು ಸಿಗದೆ ಜಾರಿತು.

ಗ್ರಂಥವು ದಕ್ಷಿಣ ದೇಶದಲ್ಲಿ ಬಹುಕಾಲ ಪಾಠಪುಸ್ತಕದಂತೆ ಬಳಕೆಯಾಯಿತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದನ್ನು ತೆಲುಗಿನ ಪದ್ಯಗಳಿಗೆ ಇಳಿಸಿದನು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ' ಮೊದಲಾದ ಕೃತಿಗಳನ್ನು ಕನ್ನಡದಲ್ಲಿಯೇ ರಚಿಸಿ, ಕನ್ನಡಿಗರ ಕೈಗೆ ಕನ್ನಡದ ಗಣಿತವನ್ನು ಕೊಟ್ಟನು. ಕಾಲ ಸರಿದಂತೆ ಪಾಠಶಾಲೆಗಳ ರೀತಿ ಬದಲಾಯಿತು. ಉತ್ತರದಲ್ಲಿಯೂ ದಕ್ಷಿಣದಲ್ಲಿಯೂ ಭಾಸ್ಕರಾಚಾರ್ಯನ 'ಲೀಲಾವತಿ'ಯ ಕೀರ್ತಿ ಹಬ್ಬಿತು. ಮಹಾವೀರಾಚಾರ್ಯನ ತಾಳೆಗರಿಗಳು ಜೈನ ಭಂಡಾರಗಳಲ್ಲಿಯೂ ಕೆಲವು ಗ್ರಂಥಾಲಯಗಳಲ್ಲಿಯೂ ಕಟ್ಟು ಬಿಚ್ಚದೆ ಉಳಿದವು. ತಾಳೆಗರಿಗೆ ಆಯುಷ್ಯ ಮಿತವಾದುದು. ಹುಳು ಹಿಡಿಯುವ ಮೊದಲೇ, ಗರಿ ಮುರಿಯುವ ಮೊದಲೇ ಯಾರಾದರೂ ಹೊಸ ಗರಿಗಳ ಮೇಲೆ ಪ್ರತಿ ಮಾಡಬೇಕು. ಗಣಿತದ ಗ್ರಂಥದಲ್ಲಿ ಪ್ರತಿಕಾರನು ಒಂದು ಅಕ್ಷರ ತಪ್ಪಿದರೂ ಲೆಕ್ಕವೇ ಕೆಟ್ಟಿತು. ಹೆಸರಿಲ್ಲದ ಎಷ್ಟೋ ಲಿಪಿಕಾರರು ತಲೆಮಾರಿನಿಂದ ತಲೆಮಾರಿಗೆ ಈ ಕೆಲಸವನ್ನು ಮಾಡಿದುದರಿಂದಲೇ ಗ್ರಂಥವು ಸಾವಿರ ವರ್ಷ ಉಳಿಯಿತು.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಎಂ. ರಂಗಾಚಾರ್ಯರು ಸಂಸ್ಕೃತದ ಪ್ರಾಧ್ಯಾಪಕರಾಗಿದ್ದರು. ಅಲ್ಲಿಯ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರವೂ ಅವರ ವಶದಲ್ಲಿತ್ತು. ಭಾರತೀಯ ಗಣಿತದ ಚರಿತ್ರೆಗೆ ಬೆಳಕು ಬೀರುವ ಹಸ್ತಪ್ರತಿ ಯಾವುದಾದರೂ ಇದೆಯೆ ಎಂದು ವಿದ್ಯಾ ಇಲಾಖೆಯ ನಿರ್ದೇಶಕ ಸ್ಟುವರ್ಟರು ಅವರನ್ನು ಕೇಳಿದರು. ಹುಡುಕಿದಾಗ 'ಗಣಿತಸಾರಸಂಗ್ರಹ'ದ ಅಪೂರ್ಣ ಪ್ರತಿಗಳು ದೊರೆತವು. ಅವಷ್ಟರಿಂದಲೇ ಗ್ರಂಥವನ್ನು ಅಚ್ಚು ಮಾಡುವಂತಿರಲಿಲ್ಲ. ರಂಗಾಚಾರ್ಯರು ಮೈಸೂರಿನ ಪ್ರಾಚ್ಯ ಭಂಡಾರದಿಂದಲೂ ಮೂಡುಬಿದಿರೆಯಿಂದಲೂ ಪಾಠಗಳನ್ನು ಪಡೆದು, ಒಂದರೊಡನೆ ಒಂದನ್ನು ಹೋಲಿಸಿ, ತಿದ್ದಿ, ಮೂಲವನ್ನು ಅಣಿಗೊಳಿಸಿದರು. ಕನ್ನಡ ಲಿಪಿಯ ತಾಳೆಗರಿಗಳು ಈ ಕಾರ್ಯಕ್ಕೆ ಬಹುವಾಗಿ ನೆರವಾದವು. ಲೆಕ್ಕವು ಒಂದು ಪ್ರತಿಯಲ್ಲಿ ಹೊಂದದಿದ್ದರೆ ಮತ್ತೊಂದನ್ನು ನೋಡುವುದು, ಅಲ್ಲಿಯೂ ಸಂಶಯವಿದ್ದರೆ ಲೆಕ್ಕವನ್ನೇ ಮಾಡಿ ಸರಿಯಾದ ಪಾಠವನ್ನು ನಿರ್ಣಯಿಸುವುದು ಇಂತಹ ಕೆಲಸದ ರೀತಿ. ಹಾರದಂತಹ ಸಂಖ್ಯೆಗಳು ಧೂಳಿನ ಹಲಗೆಯ ಬಾಲಕನಿಗೆ ಸಾಕ್ಷಿ ಹೇಳಿದಂತೆ ಸಂಪಾದಕನಿಗೂ ಸಾಕ್ಷಿ ಹೇಳಬಲ್ಲವು.

ಗ್ರಂಥವು ಅಚ್ಚಾಗುವ ಮೊದಲೇ ಅದರ ಸುದ್ದಿ ಹೊರದೇಶಗಳಿಗೆ ತಲಪಿತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಗಣಿತಚರಿತ್ರಕಾರ ಡೇವಿಡ್ ಯೂಜಿನ್ ಸ್ಮಿತ್ 1908ರಲ್ಲಿ ರೋಮ್ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ಗಣಿತಜ್ಞರ ಸಮ್ಮೇಳನದಲ್ಲಿ ಮಹಾವೀರಾಚಾರ್ಯನನ್ನು ಕುರಿತು ಪ್ರಬಂಧವನ್ನು ಮಂಡಿಸಿದನು. 1912ರಲ್ಲಿ ಮದರಾಸು ಸರ್ಕಾರವು ರಂಗಾಚಾರ್ಯರ ಇಂಗ್ಲಿಷ್ ಅನುವಾದ, ಟಿಪ್ಪಣಿಗಳೊಂದಿಗೆ ಗ್ರಂಥವನ್ನು ಪ್ರಕಟಿಸಿತು. ಸ್ಮಿತ್ತನೇ ಅದಕ್ಕೆ ಪೀಠಿಕೆ ಬರೆದನು. 1963ರಲ್ಲಿ ಹಿಂದಿ ಅನುವಾದವು ಸೊಲ್ಲಾಪುರದಿಂದ ಬೆಳಕು ಕಂಡಿತು.

ನೃಪತುಂಗನ ನಾಡಿನ ಗ್ರಂಥವು ಆ ನಾಡಿನ ನುಡಿಯಲ್ಲಿ ಅಚ್ಚಾಗಲು ಇನ್ನೂ ಕಾಯಬೇಕಾಯಿತು. ಮೂಲ ಶ್ಲೋಕಗಳೊಡನೆ ಪದ್ಮಾವತಮ್ಮನವರು ಸಿದ್ಧಪಡಿಸಿದ ಕನ್ನಡ ಅನುವಾದವು 2000ದಲ್ಲಿ ಶಿವಮೊಗ್ಗ ಜಿಲ್ಲೆಯ ಹೊಂಬುಜದಿಂದ ಪ್ರಕಟವಾಯಿತು. ಅರಸನ ಮಾವಿನ ಹಣ್ಣುಗಳೂ ಐದು ರತ್ನಗಳ ಹಾರವೂ ಆರರವರೆಗೆ ಏರಿ ಇಳಿಯುವ ಆ ಸಂಖ್ಯೆಯೂ ಈಗ ಕನ್ನಡದಲ್ಲಿಯೇ ಓದಲು ದೊರೆಯುತ್ತವೆ.